ಅಂಗೈ ಗೇಮ್ ಕನ್ಸೋಲ್‌ಗಳಲ್ಲಿ ಬ್ರೌಸರ್: ಸಿಡ್ನಿ, ಮೆಲ್ಬರ್ನ್ ಮತ್ತು ವೈಫೈ ಚರಿತ್ರೆಯ ಒಂದು ಅಧ್ಯಾಯ

ಅಂಗೈಯಲ್ಲಿ ಹಿಡಿಯುವ ಗೇಮ್ ಕನ್ಸೋಲ್‌ನಲ್ಲಿ ಜಾಲತಾಣ ನೋಡುವ ಸೌಲಭ್ಯದ ಚರಿತ್ರೆಯನ್ನು ಸಾಮಾನ್ಯವಾಗಿ ಜಪಾನಿನ ಕಂಪನಿಗಳ ಚರಿತ್ರೆಯಾಗಿಯೇ ಹೇಳುತ್ತಾರೆ. ಯಂತ್ರ ಹುಟ್ಟಿದ್ದು ಕ್ಯೋಟೊ, ಟೋಕಿಯೊಗಳಲ್ಲಿ. ಆಸ್ಟ್ರೇಲಿಯ ಬರಿಯ ಮಾರುಕಟ್ಟೆ ಎಂಬುದು ಆ ಕಥನದ ಧಾಟಿ. ಮಾರಾಟದ ಮಟ್ಟಿಗೆ ಇದು ನಿಜ. ಸೋನಿಯ ಪ್ಲೇಸ್ಟೇಷನ್ ವಹಿವಾಟಿಗೆ ಸಿಡ್ನಿ ಕೇಂದ್ರ, ನಿಂಟೆಂಡೊಗೆ ಮೆಲ್ಬರ್ನ್‌ನ ಸ್ಕೋರ್ಸ್‌ಬಿ. ಆದರೆ ಈ ಯಂತ್ರಗಳನ್ನು ಜಾಲಕ್ಕೆ ಬೆಸೆದ ರೇಡಿಯೊ ತಂತ್ರಜ್ಞಾನದ ಒಂದು ಮುಖ್ಯ ಕೊಂಡಿ ಸಿಡ್ನಿಯಲ್ಲಿದೆ. ಅದು ಯಾವ ಯಂತ್ರಕ್ಕೆ ಅನ್ವಯಿಸುತ್ತದೆ, ಯಾವುದಕ್ಕೆ ಇಲ್ಲ ಎಂಬುದನ್ನು ನಿರ್ಧರಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

1997ರಲ್ಲಿ ಅಮೆರಿಕದ ಟೈಗರ್ ಎಲೆಕ್ಟ್ರಾನಿಕ್ಸ್ ಹೊರತಂದ ಗೇಮ್.ಕಾಮ್ ಎಂಬ ಯಂತ್ರ ಮೋಡೆಮ್ ಮೂಲಕ ಜಾಲದ ಪಠ್ಯವನ್ನಷ್ಟೇ ತೋರಿಸುತ್ತಿತ್ತು. 2001ರಲ್ಲಿ ನಿಂಟೆಂಡೊ ಜಪಾನಿನಲ್ಲಿ ಗೇಮ್ ಬಾಯ್ ಅನ್ನು ಮೊಬೈಲ್ ಫೋನಿಗೆ ಜೋಡಿಸುವ ಅಡಾಪ್ಟರ್ ಬಿಡುಗಡೆ ಮಾಡಿತು. ಎರಡೂ ಬೇರೂರಲಿಲ್ಲ.

ತಿರುವು ಬಂದದ್ದು ವೈಫೈ ಒಳಗೊಂಡ ಯಂತ್ರಗಳಿಂದ. ಸೋನಿಯ ಪಿಎಸ್‌ಪಿ 2004ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಬಂದಾಗ ಅದರಲ್ಲಿ ಬ್ರೌಸರ್ ಇರಲಿಲ್ಲ. ಬಳಕೆದಾರರು ತಾವೇ ದಾರಿ ಹುಡುಕಿದರು. ವೈಪ್ಔಟ್ ಪ್ಯೂರ್ ಆಟದೊಳಗೆ ಹೆಚ್ಚುವರಿ ಸಾಮಗ್ರಿ ಇಳಿಸಿಕೊಳ್ಳಲೆಂದು ಒಂದು ಪುಟ್ಟ ಬ್ರೌಸರ್ ಇತ್ತು. ತಾಣದ ಹೆಸರನ್ನು ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ನ ವಿಳಾಸ ಬದಲಿಸಿ ಅದನ್ನು ಬೇರೆ ತಾಣಗಳತ್ತ ತಿರುಗಿಸಿದರು. 2005ರ ಜುಲೈ 27ರಂದು ಜಪಾನಿನಲ್ಲಿ ಬಂದ 2.00 ಆವೃತ್ತಿಯ ತಂತ್ರಾಂಶದಲ್ಲಿ ಸೋನಿ ನೆಟ್‌ಫ್ರಂಟ್ ಬ್ರೌಸರನ್ನು ಅಧಿಕೃತವಾಗಿ ಸೇರಿಸಿತು. ಆಸ್ಟ್ರೇಲಿಯದಲ್ಲಿ ಪಿಎಸ್‌ಪಿ ಮಾರಾಟ ಆರಂಭವಾದದ್ದು ಅದೇ ವರ್ಷ ಸೆಪ್ಟೆಂಬರ್ 1ರಂದು. ಹೀಗಾಗಿ ಅಲ್ಲಿ ಯಂತ್ರವೂ ಬ್ರೌಸರೂ ಹೆಚ್ಚುಕಡಿಮೆ ಜೊತೆಯಾಗಿ ಬಂದವು.

ಎರಡು ಯಂತ್ರ, ಎರಡು ಇಕ್ಕಟ್ಟು

ಪಿಎಸ್‌ಪಿಯ ಪರದೆ 480×272 ಪಿಕ್ಸೆಲ್, ಮೆಮೊರಿ 32 ಮೆಗಾಬೈಟ್. ಎಡಹೆಬ್ಬೆರಳಿನ ಗುಂಡಿ ಬಾಣವನ್ನು ಚಲಿಸುತ್ತಿತ್ತು. ವಿಳಾಸ ಬರೆಯಲು ಹಳೆಯ ಮೊಬೈಲಿನ ಕೀಲಿಗಳಂತೆ ಗುಂಪುಗೂಡಿದ ಅಕ್ಷರಗಳನ್ನು ಮತ್ತೆ ಮತ್ತೆ ಒತ್ತಬೇಕಿತ್ತು. ಚಿತ್ರ ತುಂಬಿದ ಪುಟ ತೆರೆದರೆ ಮೆಮೊರಿ ಸಾಲದೆಂಬ ಸೂಚನೆ ಬರುತ್ತಿತ್ತು.

ನಿಂಟೆಂಡೊ ಡಿಎಸ್‌ನ ಸ್ಥಿತಿ ಇನ್ನೂ ಬಿಗಿ. ಅದರ ಮೆಮೊರಿ 4 ಮೆಗಾಬೈಟ್ ಮಾತ್ರ. 2006ರ ಜುಲೈನಲ್ಲಿ ಜಪಾನಿನಲ್ಲಿ, ಅಕ್ಟೋಬರ್‌ನಲ್ಲಿ ಯೂರೋಪಿನಲ್ಲಿ ಬಂದ ಡಿಎಸ್ ಬ್ರೌಸರ್ ಒಪೆರಾ ಕಂಪನಿಯ ಕೆಲಸ. ಅದರ ಕಾರ್ಡಿನ ಜೊತೆಗೆ, ಗೇಮ್ ಬಾಯ್ ಅಡ್ವಾನ್ಸ್ ಆಟಗಳ ಕಿಂಡಿಯಲ್ಲಿ ಕೂರಿಸುವ ಪ್ರತ್ಯೇಕ ಮೆಮೊರಿ ತುಣುಕನ್ನೂ ಕೊಡಬೇಕಾಯಿತು. ಡಿಎಸ್‌ನ ಎರಡು ಪರದೆಗಳಲ್ಲಿ ಒಂದರಲ್ಲಿ ಇಡೀ ಪುಟದ ನಕ್ಷೆ, ಇನ್ನೊಂದರಲ್ಲಿ ಅದರ ಹಿಗ್ಗಿಸಿದ ಭಾಗ. ಇಲ್ಲವೇ ಪುಟವನ್ನೆಲ್ಲ ಒಂದೇ ಕಂಬಕ್ಕೆ ಇಳಿಸಿ, ಎರಡೂ ಪರದೆಗಳಲ್ಲಿ ಉದ್ದಕ್ಕೆ ಓದುವ ವ್ಯವಸ್ಥೆ. ಕಿರಿದಾದ ಪರದೆಗೆ ಪುಟವನ್ನು ಹೊಂದಿಸುವ ಈ ಪ್ರಯೋಗ ನಿಜಕ್ಕೂ ಮೆಚ್ಚತಕ್ಕದ್ದು.

ಡಿಎಸ್‌ನ ದೊಡ್ಡ ತೊಡಕು ಭದ್ರತೆಯದು. ಅದಕ್ಕೆ ಗೊತ್ತಿದ್ದದ್ದು ಡಬ್ಲ್ಯುಇಪಿ ಗೂಢಲಿಪಿ ಮಾತ್ರ. ಅದು ಭೇದ್ಯವೆಂದು 2001ರಲ್ಲೇ ಸಂಶೋಧಕರು ತೋರಿಸಿದ್ದರು. ಮನೆಯ ರೌಟರಿಗೆ ಹೊಸ ಭದ್ರತೆ ಹಾಕಿದರೆ ಮಗುವಿನ ಡಿಎಸ್ ಸೇರುತ್ತಿರಲಿಲ್ಲ. ಡಿಎಸ್ ಸೇರಬೇಕೆಂದರೆ ಇಡೀ ಮನೆಯ ಭದ್ರತೆಯನ್ನು ಇಳಿಸಬೇಕಿತ್ತು. ಪಿಎಸ್‌ಪಿಗೆ 2.00 ಆವೃತ್ತಿಯಿಂದಲೇ ಡಬ್ಲ್ಯುಪಿಎ ಎಂಬ ಹೊಸ ಭದ್ರತೆ ಬಂದದ್ದರಿಂದ ಈ ಸಂಕಟ ಇರಲಿಲ್ಲ.

ಸಿಡ್ನಿಯ ಕೊಂಡಿ

ಕೋಣೆಯೊಳಗೆ ರೇಡಿಯೊ ಅಲೆ ಗೋಡೆ, ಪೀಠೋಪಕರಣಗಳಿಗೆ ಬಡಿದು ಪ್ರತಿಧ್ವನಿಗಳಾಗಿ ಮರಳುತ್ತದೆ. ವೇಗ ಹೆಚ್ಚಿದಷ್ಟೂ ಸಂಕೇತ ಕಲಸಿಹೋಗುತ್ತದೆ. ಆಸ್ಟ್ರೇಲಿಯದ ರಾಷ್ಟ್ರೀಯ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದ ಸಿಡ್ನಿ ಪ್ರಯೋಗಾಲಯದಲ್ಲಿ ಜಾನ್ ಓ'ಸುಲಿವನ್, ಟೆರೆನ್ಸ್ ಪರ್ಸಿವಲ್, ಡೀಟೆಲ್ಮ್ ಆಸ್ಟ್ರಿ, ಗ್ರಹಾಂ ಡೇನಿಯಲ್ಸ್, ಜಾನ್ ಡೀನ್ ಅವರ ತಂಡ ಇದಕ್ಕೆ ಪರಿಹಾರ ಕಂಡುಕೊಂಡಿತು: ಮಾಹಿತಿಯನ್ನು ಅನೇಕ ಕಿರು ವಾಹಿನಿಗಳಿಗೆ ಹಂಚಿ, ಒಂದೊಂದನ್ನೂ ನಿಧಾನವಾಗಿ ಕಳಿಸಿ, ದೋಷ ತಿದ್ದುವ ಸಂಕೇತಗಳ ನೆರವಿನಿಂದ ಮತ್ತೆ ಒಗ್ಗೂಡಿಸುವುದು. ಇದಕ್ಕೆ 1996ರ ಜನವರಿಯಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಈ ಪೇಟೆಂಟ್ ಬಳಕೆಯ ವಿವಾದದಲ್ಲಿ 2009ರ ಏಪ್ರಿಲ್‌ನಲ್ಲಿ 14 ಕಂಪನಿಗಳು ಸಿಎಸ್‌ಐಆರ್‌ಒ ಜೊತೆ ರಾಜಿ ಮಾಡಿಕೊಂಡವು. ಸಂದಾಯವಾದದ್ದು 20 ಕೋಟಿ ಆಸ್ಟ್ರೇಲಿಯನ್ ಡಾಲರಿಗೂ ಹೆಚ್ಚು. ಆ ಕಂಪನಿಗಳಲ್ಲಿ ನಿಂಟೆಂಡೊ ಕೂಡ ಒಂದು.

ಇಲ್ಲಿ ಒಂದು ವಿವೇಚನೆ ಅಗತ್ಯ. ಡಿಎಸ್, ಪಿಎಸ್‌ಪಿಗಳೆರಡೂ ಬಳಸಿದ್ದು 802.11ಬಿ ಎಂಬ ಹಳೆಯ ಮಾನದಂಡ. ಸಿಡ್ನಿಯ ಪೇಟೆಂಟ್ ಸಂಬಂಧಿಸಿದ್ದು ಬಹುವಾಹಿನಿಯ 802.11ಎ, 802.11ಜಿ ಮತ್ತು ಅವುಗಳ ಮುಂದಿನ ಮಾನದಂಡಗಳಿಗೆ. ಆದ್ದರಿಂದ ಮೊದಲ ಅಂಗೈ ಬ್ರೌಸರ್‌ಗಳೇ ಆಸ್ಟ್ರೇಲಿಯದ ಆವಿಷ್ಕಾರದ ಮೇಲೆ ನಿಂತಿದ್ದವು ಎನ್ನಲಾಗದು. 802.11ಜಿ ಬಲ್ಲ ನಿಂಟೆಂಡೊದ ಮೊದಲ ಅಂಗೈ ಯಂತ್ರ ಡಿಎಸ್‌ಐ. ಒಪೆರಾ ಬ್ರೌಸರ್ ಉಚಿತವಾಗಿ ಸಿಗುತ್ತಿದ್ದ ಈ ಯಂತ್ರ ಆಸ್ಟ್ರೇಲಿಯಕ್ಕೆ ಬಂದದ್ದು 2009ರ ಏಪ್ರಿಲ್ 2ರಂದು, ಅಂದರೆ ರಾಜಿ ಪ್ರಕಟವಾದ ತಿಂಗಳಲ್ಲೇ.

ಇಳಿಮುಖ

ಅಷ್ಟರಲ್ಲಿ ಕಾಲ ಮಿಂಚಿತ್ತು. 2008ರ ಜುಲೈ 11ರಂದು ಐಫೋನ್ 3ಜಿ ಸಿಡ್ನಿ, ಮೆಲ್ಬರ್ನ್ ಅಂಗಡಿಗಳಿಗೆ ಬಂದಿತ್ತು. ಬಸ್ಸಿನಲ್ಲೂ ರೈಲಿನಲ್ಲೂ ಜಾಲ ಸಿಗತೊಡಗಿತ್ತು. 3ಡಿಎಸ್‌ಗೆ 2011ರ ಜೂನ್‌ನಲ್ಲಿ ಬ್ರೌಸರ್ ಸೇರಿತು, 2012ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಕ್ಕೆ ಬಂದ ಪಿಎಸ್ ವೀಟಾದಲ್ಲೂ ಇತ್ತು. ಆದರೆ 2017ರ ನಿಂಟೆಂಡೊ ಸ್ವಿಚ್‌ನಲ್ಲಿ ಬಳಕೆದಾರರಿಗೆಂದು ಬ್ರೌಸರೇ ಇರಲಿಲ್ಲ. ಸಾರ್ವಜನಿಕ ವೈಫೈನ ಲಾಗಿನ್ ಪುಟ ತೋರಿಸುವಂಥ ಸೀಮಿತ ಕೆಲಸಗಳಿಗಷ್ಟೇ ಅದು ಒಳಗೆ ಉಳಿಯಿತು.

ಕನ್ನಡದ ಓದುಗರಿಗೆ ಮುಖ್ಯವಾದ ಸಂಗತಿ ಇನ್ನೊಂದಿದೆ. ಕನ್ನಡ ವಿಕಿಪೀಡಿಯ 2003ರಿಂದಲೇ ಯುನಿಕೋಡ್‌ನಲ್ಲಿ ಲಭ್ಯವಿತ್ತು. ಆದರೂ ಪಿಎಸ್‌ಪಿ, ಡಿಎಸ್‌ಗಳಲ್ಲಿ ಕನ್ನಡದ ಅಕ್ಷರರೂಪಗಳಾಗಲಿ, ಒತ್ತಕ್ಷರ ಗುಣಿತಗಳನ್ನು ಜೋಡಿಸುವ ತಂತ್ರಾಂಶವಾಗಲಿ ಇರಲಿಲ್ಲ. ಸಿಡ್ನಿ, ಮೆಲ್ಬರ್ನ್‌ಗಳ ಕನ್ನಡ ಮನೆಗಳ ಮಕ್ಕಳಿಗೆ ಈ ಯಂತ್ರಗಳ ಮೂಲಕ ತೆರೆದ ಜಾಲದಲ್ಲಿ ತಾಯ್ನುಡಿಗೆ ಜಾಗವೇ ಇರಲಿಲ್ಲ.

ಸಮಾರೋಪ

ಇಂದಿನ ತಾಣಗಳ ಗೂಢಲಿಪಿ ವಿಧಾನ ಈ ಹಳೆಯ ಬ್ರೌಸರ್‌ಗಳಿಗೆ ತಿಳಿಯದು. ಬಹುಪಾಲು ಪುಟಗಳು ತೆರೆಯುವುದೇ ಇಲ್ಲ. ಹೊರಕವಚವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಈ ಚರಿತ್ರೆ ಉಳಿಯದು. ಮೆಲ್ಬರ್ನ್‌ನ ಎಸಿಎಂಐ, ಸಿಡ್ನಿಯ ಪವರ್‌ಹೌಸ್‌ನಂಥ ಸಂಗ್ರಹಾಲಯಗಳು ಬ್ರೌಸರ್ ಕಾರ್ಡು, ಮೆಮೊರಿ ತುಣುಕು, ಅಂದಿನ ರೌಟರ್, ಅಂದಿನ ಪುಟಗಳ ಪ್ರತಿ, ಇಷ್ಟನ್ನೂ ಒಟ್ಟಿಗೆ, ಚಾಲನೆಯ ಸ್ಥಿತಿಯಲ್ಲಿ ಕಾಪಾಡಬೇಕು. ಅಲ್ಲಿನ ಕನ್ನಡ ಕುಟುಂಬಗಳಲ್ಲೂ ಒಂದು ವಿನಂತಿ: ಮಕ್ಕಳ ಹಳೆಯ ಯಂತ್ರವನ್ನು ಎಸೆಯುವ ಮುನ್ನ ಅದರಲ್ಲಿ ಉಳಿದ ಬುಕ್‌ಮಾರ್ಕ್‌ಗಳನ್ನು ಬರೆದಿಟ್ಟುಕೊಳ್ಳಿ. ಮುಂದಿನ ಸಂಶೋಧಕರಿಗೆ ಅವೇ ಆಕರ.