ಮುಂಬಯಿಯಲ್ಲಿ ಭೂಕಂಪನ: ಅನುಭವ ಮತ್ತು ಅಪಾಯ

ಮುಂಬಯಿ ನಗರ ಮತ್ತು ಉಪನಗರಗಳು ಭಾರತೀಯ ಮಾನಕ ಐಎಸ್ 1893ರ 2002 ಹಾಗೂ 2016ರ ಆವೃತ್ತಿಗಳಲ್ಲಿ ಮೂರನೆಯ ಭೂಕಂಪ ವಲಯಕ್ಕೆ, ಅಂದರೆ ಮಧ್ಯಮ ಅಪಾಯದ ಪ್ರದೇಶಕ್ಕೆ, ಸೇರಿವೆ. ಜಲಾಶಯವಿರುವ ಕೊಯ್ನಾ ಪ್ರದೇಶ ಅದೇ ಆವೃತ್ತಿಗಳಲ್ಲಿ ಹೆಚ್ಚಿನ ಅಪಾಯದ ನಾಲ್ಕನೆಯ ವಲಯದಲ್ಲಿದೆ.

ಮುಂಬಯಿಗರು ನಡುಕವನ್ನು ಅನುಭವಿಸಿರುವುದು ಬಹುಪಾಲು ದೂರದ ಕಂಪನಗಳಿಂದಲೇ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಸುಮಾರು 200 ಕಿ.ಮೀ. ದೂರದ ಕೊಯ್ನಾದಲ್ಲಿ 6.3 ಪರಿಮಾಣದ ಭೂಕಂಪವಾದಾಗ ನಗರದ ಜನ ಬೆಚ್ಚಿ ಎದ್ದರು. ಜಲಾಶಯದ ನೀರಿನ ಭಾರ ಮತ್ತು ಒತ್ತಡ ನೆಲದಡಿಯ ಬಿರುಕುಗಳನ್ನು ಪ್ರಚೋದಿಸಿದ್ದಕ್ಕೆ ಕೊಯ್ನಾ ಇಂದಿಗೂ ಜಗತ್ತಿನ ಮುಖ್ಯ ನಿದರ್ಶನ. 2001ರ ಜನವರಿ 26ರ ಭುಜ್ ಭೂಕಂಪದ ಕೇಂದ್ರ 500 ಕಿ.ಮೀ.ಗೂ ಆಚೆ ಇದ್ದರೂ ಮುಂಬಯಿಯ ಎತ್ತರದ ಕಟ್ಟಡಗಳು ತೂಗಾಡಿದವು. ದೂರ ಸಾಗಿಬರುವ ನಿಧಾನದ ಅಲೆಗಳಿಗೆ ಗಗನಚುಂಬಿಗಳು ಹೆಚ್ಚು ಸ್ಪಂದಿಸುತ್ತವೆ. ಮೇಲಂತಸ್ತಿನವರು ಗಾಬರಿಯಾದಾಗ ರಸ್ತೆಯಲ್ಲಿದ್ದವರಿಗೆ ಏನೂ ತಿಳಿಯದಿರಬಹುದು.

ಹೀಗಾಗಿ ಪರಿಮಾಣವೊಂದೇ ಸಾಲದು. ಪರಿಮಾಣ ಇಡೀ ಕಂಪನಕ್ಕೆ ಒಂದೇ. ತೀವ್ರತೆ ಊರಿಂದ ಊರಿಗೆ, ಓಣಿಯಿಂದ ಓಣಿಗೆ ಬೇರೆ. ತೂಗುದೀಪ ಅಲುಗಿತೇ, ಪಾತ್ರೆ ಉರುಳಿತೇ, ಗೋಡೆ ಬಿರಿಯಿತೇ ಎಂಬ ಉತ್ತರಗಳಿಂದ ಮರ್ಕಾಲಿ ಅಥವಾ ಎಂಎಸ್‌ಕೆ ಮಾನದಂಡದಲ್ಲಿ ಅದನ್ನು ಅಳೆಯುತ್ತಾರೆ. ಎಷ್ಟನೆಯ ಮಹಡಿ ಎಂಬುದನ್ನು ದಾಖಲಿಸದ ವರದಿಗೆ ಈ ನಗರದಲ್ಲಿ ಹೆಚ್ಚು ಬೆಲೆಯಿಲ್ಲ.

ಹಳೆಯ ದಾಖಲೆಗಳನ್ನೂ ಎಚ್ಚರದಿಂದ ಓದಬೇಕು: 1618ರ ಮೇ ತಿಂಗಳಲ್ಲಿ ಮುಂಬಯಿಯಲ್ಲಿ ನಡೆದ ಅನಾಹುತವನ್ನು ಹಳೆಯ ಪಟ್ಟಿಗಳು ಭೂಕಂಪವೆಂದು ಸೇರಿಸಿದ್ದವು. ಅದು ಚಂಡಮಾರುತವಾಗಿರಬೇಕೆಂಬುದು ನಂತರದ ಸಂಶೋಧಕರ ವಾದ.

ಇಂದಿನ ಅಪಾಯಕ್ಕೆ ಬಂದರೆ, ಮುಂಬಯಿಯ ಮೂಲ ಏಳು ದ್ವೀಪಗಳ ನಡುವೆ ಸಮುದ್ರ ತುಂಬಿಸಿ ಪಡೆದ ಮೆತ್ತನೆಯ ನೆಲ ಕಂಪನವನ್ನು ಹಿಗ್ಗಿಸಬಲ್ಲದು; ಬಸಾಲ್ಟ್ ಬಂಡೆಯ ಮೇಲಿನ ಭಾಗಗಳಿಗೆ ಆ ಭಯ ಕಡಿಮೆ. ನಿಜವಾದ ಆತಂಕವಿರುವುದು ದಕ್ಷಿಣ ಮುಂಬಯಿಯ ಶಿಥಿಲ ಚಾಳುಗಳಲ್ಲಿ: ಅವುಗಳಲ್ಲಿ ಹಲವು ಪ್ರತಿ ಮಳೆಗಾಲದಲ್ಲಿ ಭೂಕಂಪವಿಲ್ಲದೆಯೇ ಕುಸಿಯುತ್ತವೆ.