ಮರಿ ಹೊತ್ತ ಕರಡಿ ಮತ್ತು ಬೋನಿನ ಬೇಡಿಕೆ: ಕೂಡ್ಲಿಗಿ ಸೀಮೆಯ ಕಲ್ಲುಗುಡ್ಡಗಳನ್ನು ಕುರಿತ ಒಂದು ವಿವೇಚನೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಜನರಿಗೆ ಕರಡಿ ದಾಳಿಯ ಸುದ್ದಿ ಹೊಸದಲ್ಲ. ಗುಂಡುಕಲ್ಲಿನ ಗುಡ್ಡ, ಕುರುಚಲು ಕಾಡು ಹೆಚ್ಚಿರುವ ಕೂಡ್ಲಿಗಿ, ಹರಪನಹಳ್ಳಿ ಕಡೆ ಅದು ಹೆಚ್ಚು. ತುಂಗಭದ್ರೆಯ ದಂಡೆಗೆ ಹೋದಂತೆ ವಿರಳ. ಸುದ್ದಿಯ ಬೆನ್ನಿಗೇ ಬೋನಿಡಿ, ಹಿಡಿದು ದೂರ ಬಿಡಿ ಎಂಬ ಬೇಡಿಕೆ ಏಳುತ್ತದೆ. ಮೈಮೇಲೆ ಬಿದ್ದದ್ದು ಮರಿಗಳಿದ್ದ ತಾಯಿಯೆಂದು ತಿಳಿದರಂತೂ ಅದನ್ನು ‘ಕೆಟ್ಟ ಕರಡಿ’ ಎಂದು ಹೆಸರಿಸಿಬಿಡುತ್ತೇವೆ. ತಾಯಿಯ ಈ ಉಗ್ರತೆ ಆಯಾ ಪ್ರಾಣಿಯ ದುರ್ಗುಣವಾಗಿದ್ದರೆ ಆ ಪ್ರಾಣಿಯನ್ನು ತೆಗೆದುಹಾಕುವುದು ಪರಿಹಾರವಾಗಬಹುದಿತ್ತು. ಅದು ಇಡೀ ಜಾತಿಗೆ ಬಂದ ರಕ್ಷಣಾ ಕ್ರಮ, ವರ್ಷದ ಕೆಲವು ತಿಂಗಳು ತೀವ್ರವಾಗುವಂಥದ್ದು ಎಂದಾದರೆ ನಾವು ಬದಲಿಸಬೇಕಾದದ್ದು ಆ ತಿಂಗಳುಗಳಲ್ಲಿ ಮನುಷ್ಯರು ಗುಡ್ಡದಂಚಿಗೆ ಹೋಗುವ ಹೊತ್ತು ಮತ್ತು ದಾರಿ. ಪುರಾವೆಗಳು ಎರಡನೆಯದರ ಕಡೆಗೇ ವಾಲುತ್ತವೆ ಎಂಬುದು ಈ ಲೇಖನದ ವಾದ.

ಮೊದಲು ಪ್ರಾಣಿಯ ಬದುಕನ್ನು ನೋಡಬೇಕು. ನಮ್ಮ ಕರಡಿ ಗೆದ್ದಲು, ಇರುವೆ, ಜೇನು, ಕಾಡುಹಣ್ಣು ತಿಂದು ಬದುಕುವಂಥದ್ದು. ಅದರ ಉದ್ದನೆಯ ಉಗುರು ಹುತ್ತ ಅಗೆಯಲು ಹೇಳಿ ಮಾಡಿಸಿದ್ದು. ಬೇಸಿಗೆಯ ಕೊನೆಗೆ ಕೂಡುವ ಕರಡಿಗಳು ಬಹುಪಾಲು ನವೆಂಬರ್‌ನಿಂದ ಜನವರಿಯೊಳಗೆ ಈಯುತ್ತವೆ. ಸಾಮಾನ್ಯವಾಗಿ ಒಂದೋ ಎರಡೋ ಮರಿ. ಕಲ್ಲುಬಂಡೆಗಳ ಸಂದಿನ ಗವಿಯೇ ಇಲ್ಲಿ ಬಾಣಂತನದ ಮನೆ. ಕಣ್ಣು ತೆರೆಯಲು ಮೂರು ವಾರ ಬೇಕಾಗುವ ಮರಿಗಳು ಎರಡು ಮೂರು ತಿಂಗಳು ಗವಿಯಲ್ಲೇ ಬೆಳೆದು, ಹೊರಬಿದ್ದ ಮೇಲೆ ಆರೇಳು ತಿಂಗಳಾದರೂ ತಾಯಿಯ ಬೆನ್ನೇರಿ ತಿರುಗುತ್ತವೆ. ಕರಡಿ ಜಾತಿಗಳಲ್ಲಿ ಹೀಗೆ ಮರಿಗಳನ್ನು ವಾಡಿಕೆಯಾಗಿ ಬೆನ್ನ ಮೇಲೆ ಹೊರುವುದು ಇದೊಂದೇ. ಅಮೆರಿಕದ ಕಪ್ಪು ಕರಡಿ ಅಪಾಯ ಕಂಡರೆ ಮರಿಗಳನ್ನು ಮರ ಹತ್ತಿಸುತ್ತದೆ. ಕುರುಚಲು ಗಿಡಗಳ ಈ ಬಯಲಿನಲ್ಲಿ ಹತ್ತಲು ಮರವಿಲ್ಲ, ಇದ್ದರೂ ಚಿರತೆ ಹಿಂದೆಯೇ ಹತ್ತುತ್ತದೆ. ಆಂಡ್ರ್ಯೂ ಲಾರಿ ಮತ್ತು ಜಾನ್ ಸೈಡೆನ್‌ಸ್ಟಿಕರ್ ನೇಪಾಳದ ಚಿತವನದ ಕರಡಿಗಳ ಬಗ್ಗೆ 1977ರಲ್ಲಿ ಪ್ರಕಟಿಸಿದ ಅಧ್ಯಯನವೂ ಬೆನ್ನ ಮೇಲಿನ ಮರಿಯನ್ನೂ ತಾಯಿಯ ಉಗ್ರತೆಯನ್ನೂ ಹೀಗೆ ರಕ್ಷಣೆಯ ದೃಷ್ಟಿಯಿಂದಲೇ ನೋಡಿತು. ಬೆನ್ನ ಮೇಲೆ ಭಾರ ಹೊತ್ತ ತಾಯಿಗೆ ವೇಗವಾಗಿ ಓಡುವುದು ಕಷ್ಟ, ಮರಿ ಬಿಟ್ಟು ಓಡುವಂತಿಲ್ಲ. ಉಳಿದ ದಾರಿ ಎದುರು ಬೀಳುವುದು. ಸಾಕುಪ್ರಾಣಿಗಳಲ್ಲೂ ಇದರ ಛಾಯೆ ಕಾಣುತ್ತದೆ. ಹೊರದೇಶಗಳಲ್ಲಿ ಫೆರೆಟ್ ಎಂಬ ಚಿಕ್ಕ ಮಾಂಸಾಹಾರಿ ಪ್ರಾಣಿಯನ್ನು ಸಾಕುವವರು ಈದ ಹೊಸತರಲ್ಲಿ ಗೂಡಿಗೆ ಕೈ ಹಾಕದಿರುವುದು, ಕೆಣಕಿದ ತಾಯಿ ಕಚ್ಚುವುದಷ್ಟೇ ಅಲ್ಲ, ತನ್ನ ಮರಿಗಳನ್ನೇ ಕೊಲ್ಲಬಹುದೆಂಬ ಕಾರಣಕ್ಕೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವಿದೆ. ದಾಳಿ ಮಾಡುವುದು ತಾಯಂದಿರಷ್ಟೇ ಅಲ್ಲ. ಒಂಟಿ ಗಂಡು ಕರಡಿಗಳೂ ಮನುಷ್ಯರ ಮೇಲೆ ಬೀಳುತ್ತವೆ. ಮಧ್ಯಪ್ರದೇಶದಲ್ಲಿ 1989ರಿಂದ 1994ರವರೆಗೆ ಕರಡಿ ದಾಳಿಯಿಂದ 48 ಜನ ಸತ್ತು 686 ಜನ ಗಾಯಗೊಂಡರು. ಇಷ್ಟನ್ನೂ ತಾಯ್ತನದ ಲೆಕ್ಕಕ್ಕೆ ಬರೆಯಲಾಗದು. ಆಕ್ಷೇಪ ನಿಜ, ಆದರೆ ಅದು ವಾದವನ್ನು ಮುರಿಯುವುದಿಲ್ಲ, ತಿದ್ದುತ್ತದೆ. ಗಂಡಾಗಲಿ ಹೆಣ್ಣಾಗಲಿ, ದಾಳಿಗೆ ಸಾಮಾನ್ಯ ಕಾರಣ ಹತ್ತಿರದಲ್ಲಿ ಆಗುವ ಹಠಾತ್ ಭೇಟಿ. ಹುತ್ತಕ್ಕೆ ಮೂತಿಯಿಟ್ಟು ಸದ್ದು ಮಾಡುತ್ತ ಹೀರುವ ಕರಡಿಗೆ ಹೆಜ್ಜೆ ಸಪ್ಪಳ ಕೇಳುವುದು ತಡವಾಗಿ. ಮರಿಗಳಿದ್ದಾಗ ತಾಯಿ ಸಹಿಸುವ ಅಂತರ ಇನ್ನೂ ಹಿಗ್ಗುತ್ತದೆ, ಹಿಂದೆ ಸರಿಯುವ ಸಾಧ್ಯತೆ ಕುಗ್ಗುತ್ತದೆ. ಹಾಗಾಗಿ ತಾಯಿಗೆ ಸಲ್ಲುವ ಎಚ್ಚರಿಕೆ ಉಳಿದ ಕರಡಿಗಳಿಗೂ ಸಲ್ಲುತ್ತದೆ. ಸೇಡಿನ ಕಥೆಗಳನ್ನು ಮಾತ್ರ ಬದಿಗಿಡಬೇಕು. ಅರಸೀಕೆರೆ ಕಡೆ ಹಲವರನ್ನು ಕೊಂದ ಕರಡಿಯ ಬಗ್ಗೆ ಕೆನೆತ್ ಆ್ಯಂಡರ್ಸನ್ ಬರೆದ ಮೇಲೆ, ಮರಿ ಕಳೆದುಕೊಂಡ ತಾಯಿಯ ಹಗೆ ಎಂಬ ವಿವರಣೆ ಓದುಗರಲ್ಲಿ ಬೇರೂರಿತು. ಕಥೆಗೆ ಅದು ಚೆಂದ. ಆದರೆ ಮರಿಗಾಗಿ ತಾಯಿಯನ್ನು ಕೊಂದು, ಮರಿಯ ಮೂಗಿಗೆ ಹಗ್ಗ ಪೋಣಿಸಿ ಕುಣಿಸುವುದು ಈ ದೇಶದಲ್ಲಿ ನಿಂತದ್ದು ತೀರ ಈಚೆಗೆ. ಕೊನೆಯದೆನ್ನಲಾದ ಕುಣಿತದ ಕರಡಿ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರ ಸೇರಿದ್ದು 2009ರಲ್ಲಿ. ಹಗೆಯ ಲೆಕ್ಕ ತೆಗೆದರೆ ಬಾಕಿ ಯಾರ ಕಡೆಗಿದೆ ಎಂಬುದು ಸ್ಪಷ್ಟ.

ಹಿಡಿದು ಸಾಗಿಸುವ ಉಪಾಯ ಮರಿಗಳ ಕಾಲದಲ್ಲಿ ತನ್ನ ಉದ್ದೇಶವನ್ನೇ ಸೋಲಿಸುತ್ತದೆ. ಜನವರಿಯಲ್ಲಿ ಬೋನಿಗೆ ಬಿದ್ದ ಹೆಣ್ಣಿನ ಮರಿಗಳು ಯಾವ ಬಂಡೆಯ ಸಂದಿನಲ್ಲಿವೆಯೆಂದು ಹುಡುಕುವವರು ಯಾರು? ಹಾಲಿಲ್ಲದ ಮರಿ ಹೆಚ್ಚು ದಿನ ಬದುಕದು. ತಾಯಿಯನ್ನು ಅಪರಿಚಿತ ಗುಡ್ಡಕ್ಕೆ ಬಿಟ್ಟರೆ ನೀರು, ಹುತ್ತ, ಗವಿಗಳ ಗುರುತಿಲ್ಲದೆ ಅದು ಅಲ್ಲಿನ ಹೊಲಗಳಿಗೇ ಇಳಿಯುವ ಸಂಭವ ಹೆಚ್ಚು. ಖಾಲಿಯಾದ ಗವಿಗೆ ಇನ್ನೊಂದು ಕರಡಿ ಬರುವುದನ್ನು ತಡೆಯುವವರೂ ಇಲ್ಲ. ಕಾನೂನಿನ ತೊಡಕು ಬೇರೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಇದು. ಧಾಮವಿದೆಯಲ್ಲ, ಅಲ್ಲೇ ಇರಲಿ ಎನ್ನುವ ಮಾತೂ ನಿಲ್ಲುವುದಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕರಡಿಧಾಮ 2013ರಲ್ಲಿ ಘೋಷಣೆಯಾದಾಗ ಅದರ ವಿಸ್ತೀರ್ಣ 38.48 ಚದರ ಕಿಲೋಮೀಟರ್. ಮುಂದೆ ಅದನ್ನು ಹಿಗ್ಗಿಸಲಾಯಿತಾದರೂ ಅದರ ಸುತ್ತ ಇರುವುದು ಶೇಂಗಾ, ಮೆಕ್ಕೆಜೋಳದ ಹೊಲ. ರಾತ್ರಿ ಮೇಯುವ ಪ್ರಾಣಿಗೆ ಧಾಮದ ಗಡಿಕಲ್ಲು ಕಾಣುವುದಿಲ್ಲ.

ಉಳಿದ ಆಕ್ಷೇಪವೇ ಎಲ್ಲಕ್ಕಿಂತ ಭಾರವಾದದ್ದು: ಗುಡ್ಡದಂಚಿಗೆ ಹೋಗಬೇಡಿ ಎನ್ನುವುದು ಸುಲಭ, ಹೋಗದೆ ಬದುಕುವುದು ಹೇಗೆ? ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ನೀರು ಹಾಯಿಸಲು ರಾತ್ರಿಯೇ ಹೊಲದಲ್ಲಿರಬೇಕು. ಹುಣಸೆ ಬಡಿಯುವ ಫೆಬ್ರುವರಿ, ಮಾರ್ಚ್ ತಿಂಗಳುಗಳು ಮರಿಗಳು ತಾಯಿಯ ಬೆನ್ನೇರಿ ಹೊರಬರುವ ಕಾಲವೂ ಹೌದು. ಕುರಿಗಾರರಿಗೆ ಗುಡ್ಡವೇ ಮೇವಿನ ತಾಣ. ಶೌಚಾಲಯವಿಲ್ಲದ ಅಥವಾ ಇದ್ದೂ ನೀರಿಲ್ಲದ ಮನೆಯವರು ನಸುಕಿನಲ್ಲಿ ಹೋಗುವುದು ಅದೇ ಬಯಲಿಗೆ. ಗುಂಪಾಗಿ ಹೋಗಿ, ಮಾತಾಡುತ್ತ ನಡೆಯಿರಿ, ಬ್ಯಾಟರಿ ಹಿಡಿಯಿರಿ, ಕರಡಿ ಮೈಮೇಲೆ ಬಿದ್ದರೆ ಬೋರಲಾಗಿ ಮಲಗಿ ಮುಖ, ಕುತ್ತಿಗೆ ಕಾಪಾಡಿಕೊಳ್ಳಿ ಎಂಬ ಸಲಹೆಗಳು ಸರಿಯಾದವೇ, ಏಕೆಂದರೆ ಅದರ ಪೆಟ್ಟು ಹೆಚ್ಚಾಗಿ ಬೀಳುವುದು ತಲೆ, ಮುಖಕ್ಕೆ. ಆದರೆ ಒಬ್ಬನೇ ನೀರು ಕಟ್ಟುವ ರೈತ ಗುಂಪನ್ನು ಎಲ್ಲಿಂದ ತರಬೇಕು? ಆದ್ದರಿಂದ ಹೊತ್ತು ಬದಲಿಸುವ ಹೊಣೆಯನ್ನು ಅವನೊಬ್ಬನ ಮೇಲೆ ಹೊರಿಸುವಂತಿಲ್ಲ. ಕುಸುಮ್ ಯೋಜನೆಯಡಿ ಕೃಷಿ ಫೀಡರ್‌ಗಳಿಗೆ ಸೌರ ವಿದ್ಯುತ್ ಜೋಡಿಸಿ ಹಗಲು ಕರೆಂಟು ಕೊಡುವ ಕೆಲಸ ರಾಜ್ಯದಲ್ಲಿ ನಡೆದಿದೆ. ಗುಡ್ಡದಂಚಿನ ಫೀಡರ್‌ಗಳಿಗೆ ಅದರಲ್ಲಿ ಮೊದಲ ಸರದಿ ಸಿಗಬೇಕು. ಬೋನಿಗೆ ಮಾಡುವ ಖರ್ಚಿಗಿಂತ ಅದರ ಫಲ ದೊಡ್ಡದು, ಕರಡಿಗೂ ರೈತನಿಗೂ. ಕಲ್ಲುಕ್ವಾರಿಗಳ ಮಾತನ್ನೂ ಇದರ ಜೊತೆಗೇ ಎತ್ತಬೇಕು: ಈದ ಗವಿಯ ಪಕ್ಕದಲ್ಲಿ ಸಿಡಿಮದ್ದು ಹಾರಿದರೆ ತಾಯಿ ಮರಿಗಳನ್ನು ಹೊತ್ತು ಹಗಲಿನಲ್ಲೇ ಊರ ಕಡೆ ಇಳಿಯಬಹುದು. ಗವಿಗಳಿರುವ ಗುಡ್ಡಗಳನ್ನು ಅರಣ್ಯ ಇಲಾಖೆ ಗುರುತಿಸಿ, ಅವುಗಳ ಆಸುಪಾಸಿನಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಸಿಡಿತ ನಿಲ್ಲಿಸುವ ಷರತ್ತನ್ನು ಕ್ವಾರಿ ಪರವಾನಗಿಯಲ್ಲೇ ಬರೆಯಬೇಕು.