ಕಲೋಡನ್ ಬಯಲಿನ ಹೂವು

ಮೆಚ್ಚಿ ಓದಿದ ಕಾದಂಬರಿ ತೆರೆಗೆ ಬಂದಾಗ ‘ನಮ್ಮ ನಾಯಕ ಇವನಲ್ಲ’ ಎಂದು ಮುನಿಯದವರುಂಟೆ? ಡಯಾನಾ ಗ್ಯಾಬಲ್ಡನ್ ಅವರ ‘ಔಟ್‌ಲ್ಯಾಂಡರ್’ ಮಾಲೆಯ ಮೊದಲ ಕಾದಂಬರಿ 1991ರಲ್ಲಿ ಪ್ರಕಟವಾಯಿತು. 2014ರಲ್ಲಿ ಟೆಲಿವಿಷನ್ ಧಾರಾವಾಹಿಯಾಯಿತು. ಧಾರಾವಾಹಿಯು ಪುಸ್ತಕಕ್ಕೆ ನಿಷ್ಠವಾಗಿದೆಯೇ ಎಂಬುದು ಅಭಿಮಾನಿಗಳ ಚರ್ಚೆ. ಪುಸ್ತಕದ ಹಿಂದಿನ ಚರಿತ್ರೆಯಾದರೋ ಸ್ಕಾಟ್ಲೆಂಡಿನ ಕಲೋಡನ್ ಬಯಲಿನಲ್ಲಿದೆ. 1746ರ ಏಪ್ರಿಲ್ 16ರಂದು, ಒಂದು ಗಂಟೆಯೂ ಹಿಡಿಯದ ಕಾಳಗದಲ್ಲಿ, ಸ್ಟೂವರ್ಟ್ ರಾಜಕುಮಾರ ಚಾರ್ಲ್ಸನ ಪಕ್ಷದ ಸುಮಾರು 1,500 ಮಂದಿ ಮಡಿದರು. ಬಳಿಕ ಗುಡ್ಡನಾಡಿಗರ ಉಡುಪಿಗೂ ನಿಷೇಧ ಬಂದಿತು.

ಕಥಾನಾಯಕ ಜೇಮಿ ಫ್ರೇಸರ್ ಕಲ್ಪಿತ ವ್ಯಕ್ತಿ. ಆ ಮಣ್ಣಿನಲ್ಲಿ ಮಲಗಿದವರು ನಿಜ. 1881ರಲ್ಲಿ ನೆಟ್ಟ, ಫ್ರೇಸರ್ ಕುಲದ ಹೆಸರಿನ ಕಲ್ಲಿನ ಬಳಿ ಅಭಿಮಾನಿಗಳು ಹೂವಿಡುತ್ತಾರೆ. ನಗಬೇಡಿ. ಹೆಸರುಳಿಯದೆ ಮಡಿದವರಿಗೂ ಕಥೆಯ ನೆಪದಿಂದ ಒಂದು ಹೂವು ಸಂದಿತಲ್ಲ!